ಅಡ್ವಾನ್ಸ್ ಅಂದರೆ ಓನರಿಗೆ ನೀವು ಕೊಡುವ ಕೈಸಾಲ

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ರಾಣೆಬೆನ್ನೂರಿನಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡಿದ್ದೇನೆ. ಮಗಳಿಗೆ ಸಿಇಟಿಯಲ್ಲಿ ಬೆಂಗಳೂರಿನ ಕನಕಪುರ ರಸ್ತೆ ಕಡೆಯ ಕಾಲೇಜೊಂದರಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿದೆ. ಕಾಲೇಜು ಹಾಸ್ಟೆಲ್ ಭರ್ತಿಯಾಗಿದೆ. ಒಂದು ಪಿಜಿ ನೋಡಿದ್ದೇವೆ: ರೂಮಿಗೆ ಮೂವರು, ಊಟ ಸೇರಿ ತಿಂಗಳಿಗೆ 9,500, ಅಡ್ವಾನ್ಸ್ 15,000. ಇನ್ನೊಂದು ಕಡೆ, ಸೀಟು ಹಂಚಿಕೆ ಆದ ಮೇಲೆ ವಾಟ್ಸಾಪ್ ಗುಂಪಿನಲ್ಲಿ ಪರಿಚಯವಾದ ಮೂವರು ಹುಡುಗಿಯರ ಜೊತೆ ಸೇರಿ ಮನೆ ಹಿಡಿಯುವ ಮಾತಿದೆ. ಬಾಡಿಗೆ 24,000, ಅಡ್ವಾನ್ಸ್ ಹತ್ತು ತಿಂಗಳದ್ದು, ಅಂದರೆ 2,40,000. ಕರಾರು ನನ್ನ ಮಗಳ ಹೆಸರಿಗೇ ಇರಲಿ ಎಂದು ಉಳಿದವರ ಮನೆಯವರು ಹೇಳುತ್ತಿದ್ದಾರೆ. ಮನೆಯನ್ನು ಫೋಟೊದಲ್ಲಷ್ಟೇ ನೋಡಿದ್ದೇವೆ. ಇವತ್ತೇ 10,000 ಟೋಕನ್ ಹಾಕಿ ಅಂತ ಬ್ರೋಕರ್ ದಿನಕ್ಕೆ ಮೂರು ಸಲ ಫೋನ್ ಮಾಡುತ್ತಾನೆ. ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಕೇಳುವುದೇ ಕಾನೂನುಬಾಹಿರ ಅಂತ ನಮ್ಮ ಭಾವ ಹೇಳುತ್ತಾರೆ. 11 ತಿಂಗಳ ಕರಾರಿಗೆ ಬೆಲೆಯೇ ಇಲ್ಲ ಅಂತ ಇನ್ನೊಬ್ಬರು. ಪಿಜಿ ಹುಡುಗಿಯರಿಗೆ ಸುರಕ್ಷಿತ ಅಲ್ಲ ಅಂತ ನನ್ನ ಹೆಂಡತಿ. ಮಗಳಿಗೆ ಈಗ 17 ವರ್ಷ 10 ತಿಂಗಳು. ಕರಾರಿನ ಕರಡಿನ ಫೋಟೊ ಕಳಿಸಿದ್ದೇನೆ. ಏನು ಮಾಡಲಿ?

ಉತ್ತರ: ನಮಸ್ಕಾರ. ನಿಮ್ಮ ಪ್ರಶ್ನೆಗಳಲ್ಲಿ ಅವಸರದ್ದು ಒಂದೇ, ಅದನ್ನು ಮೊದಲು ಮುಗಿಸೋಣ. ಆ 10,000 ಇವತ್ತು ಕಳಿಸಬೇಡಿ. ‘ಇನ್ನೂ ಮೂರು ಪಾರ್ಟಿ ಕಾಯ್ತಾ ಇದಾರೆ ಸಾರ್’ ಅನ್ನುವುದು ಕಾಲೇಜು ಶುರುವಾಗುವ ದಿನಗಳಲ್ಲಿ ಬೆಂಗಳೂರಿನ ಬ್ರೋಕರುಗಳ ಬಾಯಿಪಾಠ. ಕೆಲವೊಮ್ಮೆ ಅದು ನಿಜವೂ ಹೌದು. ನಿಜವೇ ಆಗಿ ಮನೆ ಕೈತಪ್ಪಿದರೆ ನಿಮಗಾಗುವ ನಷ್ಟ ಏನೂ ಇಲ್ಲ, ಇನ್ನೊಂದು ಮನೆ ಹುಡುಕಬೇಕು ಅಷ್ಟೆ. ಸುಳ್ಳಾದರೆ ಹತ್ತು ಸಾವಿರ ಹೋಯಿತು.

ಫೋಟೊ ತೋರಿಸಿ ದುಡ್ಡು ಹಾಕಿಸಿಕೊಳ್ಳುವ ಮೋಸದ ನಾಲ್ಕೈದು ಪ್ರಕರಣ ಪ್ರತಿವರ್ಷ ನನ್ನ ಆಫೀಸಿಗೆ ಬರುತ್ತವೆ. ಕಥೆ ಹೆಚ್ಚುಕಡಿಮೆ ಒಂದೇ. ಓನರ್ ಸೇನೆಯಲ್ಲಿದ್ದಾರಂತೆ, ಬೇರೆ ಊರಿಗೆ ವರ್ಗವಾಗಿದೆಯಂತೆ. ಮನೆ ನೋಡಲು ಗೇಟ್ ಪಾಸ್ ಬೇಕಂತೆ, ಅದಕ್ಕೆ ಕಟ್ಟಿದ ದುಡ್ಡು ವಾಪಸ್ ಬರುತ್ತದಂತೆ, ವಾಪಸ್ ಬರಲು ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಬೇಕಂತೆ. ನಿಮ್ಮ ಅಂಗಡಿಯಲ್ಲೂ ಸ್ಕ್ಯಾನರ್ ಇರಬಹುದು, ಹಾಗಾಗಿ ನಿಮಗೆ ಹೇಳಬೇಕಾಗಿಲ್ಲ: ದುಡ್ಡು ಬರುವುದಕ್ಕೆ ಪಿನ್ ಬೇಕಾಗಿಲ್ಲ, ಹೋಗುವುದಕ್ಕಷ್ಟೇ ಬೇಕು. ಯಾರಾದರೂ ಈಗಾಗಲೇ ಸಿಕ್ಕಿಬಿದ್ದಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಲಿ. ದುಡ್ಡು ಖಾತೆಯಿಂದ ಖಾತೆಗೆ ದಾಟುವ ಮೊದಲು ತಡೆಹಿಡಿಯಲು ಸಾಧ್ಯವಿರುವುದು ಆ ಮೊದಲ ಕೆಲವು ಗಂಟೆಗಳಲ್ಲೇ.

ನಿಮ್ಮ ಬ್ರೋಕರ್ ಅಂಥವನು ಅಂತ ನಾನು ಹೇಳುತ್ತಿಲ್ಲ. ಒಂದು ತಿಂಗಳ ಬಾಡಿಗೆ ಕಮಿಷನ್ ತೆಗೆದುಕೊಂಡು ಪ್ರಾಮಾಣಿಕವಾಗಿ ಮನೆ ಕೊಡಿಸುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಅವನ ಕಮಿಷನ್ ಹುಟ್ಟುವುದು ಮನೆ ಕುದುರಿದ ದಿನ. ಹನ್ನೊಂದು ತಿಂಗಳ ಮೇಲೆ ನಿಮ್ಮ ಅಡ್ವಾನ್ಸ್ ವಾಪಸ್ ಬಂತೋ ಇಲ್ಲವೋ ಅನ್ನುವುದು ಅವನ ಲೆಕ್ಕದಲ್ಲಿಲ್ಲ.

ಇನ್ನು ನಿಮ್ಮ ಭಾವನವರ ಮಾತು. ಅವರು ಗಾಳಿಯಲ್ಲಿ ಹೇಳಿಲ್ಲ. ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೂಡದು ಅಂತ ಇದೆ. ಆದರೆ ಹೆಸರೇ ಹೇಳುವಂತೆ ಅದು ಮಾದರಿ. ರಾಜ್ಯವೊಂದು ಅದನ್ನು ತನ್ನ ಕಾನೂನು ಮಾಡಿಕೊಂಡರಷ್ಟೇ ಅಲ್ಲಿ ಜಾರಿ. ಆ ಮಿತಿಯನ್ನು ಹಿಡಿದು ಬೆಂಗಳೂರಿನ ಓನರ್ ಜೊತೆ ವಾದಿಸಿದರೆ ಅವರು ನಕ್ಕು ಮುಂದಿನವರಿಗೆ ಮನೆ ತೋರಿಸುತ್ತಾರೆ. ಕರ್ನಾಟಕದ್ದೇ ಆದ 1999ರ ಬಾಡಿಗೆ ಕಾಯ್ದೆ ಇದೆಯಲ್ಲ ಅಂದರೆ, ಅದು ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ತನ್ನ ವ್ಯಾಪ್ತಿಯಿಂದಲೇ ಹೊರಗಿಟ್ಟಿದೆ. ಈಗ ಆ ಬಾಡಿಗೆಗೆ ಬೆಂಗಳೂರಿನಲ್ಲಿ ಕಾರು ನಿಲ್ಲಿಸುವ ಜಾಗ ಸಿಕ್ಕರೆ ಹೆಚ್ಚು. ಹಾಗಾಗಿ ನಿಮ್ಮ 24,000ದ ಮನೆಯನ್ನು ಆಳುವುದು ಎರಡೇ: 1882ರ ಆಸ್ತಿ ವರ್ಗಾವಣೆ ಕಾಯ್ದೆ ಮತ್ತು ನೀವು ಸಹಿ ಹಾಕುವ ಆ ಎರಡು ಹಾಳೆ. ಹಾಳೆಯಲ್ಲಿ ಏನು ಬರೆದಿದೆ ಅನ್ನುವುದಕ್ಕೆ ನಾನು ಇಷ್ಟು ಒತ್ತು ಕೊಡುವುದು ಇದಕ್ಕೇ.

11 ತಿಂಗಳ ಕರಾರಿಗೆ ಬೆಲೆ ಇಲ್ಲ ಅನ್ನುವುದು ಶುದ್ಧ ತಪ್ಪು. ವರ್ಷ ಮೀರಿದ ಬಾಡಿಗೆ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು ಅಂತ 1908ರ ನೋಂದಣಿ ಕಾಯ್ದೆ ಹೇಳುತ್ತದೆ. ಆ ಖರ್ಚು, ಓಡಾಟ ತಪ್ಪಿಸಲು ಊರೆಲ್ಲ ಹನ್ನೊಂದಕ್ಕೆ ನಿಲ್ಲಿಸುತ್ತದೆ. ಇ-ಸ್ಟ್ಯಾಂಪ್ ಕಾಗದದ ಮೇಲೆ ಇಬ್ಬರೂ ಸಹಿ ಮಾಡಿದ 11 ತಿಂಗಳ ಕರಾರು ಕೋರ್ಟಿನಲ್ಲಿ ನಿಲ್ಲುತ್ತದೆ. ನಿಲ್ಲದೇ ಇರುವುದು, ‘ಮೂರು ವರ್ಷಕ್ಕೆ’ ಅಂತ ಬರೆದು ನೋಟರಿ ಮೊಹರು ಹಾಕಿಸಿ ಸುಮ್ಮನಾದದ್ದು. ಹಾಗೆಯೇ ಹನ್ನೊಂದು ತಿಂಗಳು ಮುಗಿದ ಮರುದಿನ ಓನರ್ ಬಂದು ಬೀಗ ಹಾಕುವಂತಿಲ್ಲ. ಅವರು ಬಾಡಿಗೆ ತೆಗೆದುಕೊಳ್ಳುತ್ತಾ ಹೋದರೆ ಅದು ತಿಂಗಳಿಂದ ತಿಂಗಳಿಗೆ ಮುಂದುವರಿಯುವ ಬಾಡಿಗೆ. ಬಿಡಿಸಬೇಕಾದರೆ ನೋಟಿಸ್ ಕೊಡಬೇಕು. ಕರಾರಿನಲ್ಲಿ ಬೇರೆ ಅವಧಿ ಬರೆದಿಲ್ಲದಿದ್ದರೆ 15 ದಿನ.

ಈಗ ಹತ್ತು ತಿಂಗಳ ಅಡ್ವಾನ್ಸಿನ ವಿಷಯಕ್ಕೆ ಬರೋಣ, ಏಕೆಂದರೆ ಇಡೀ ವ್ಯವಹಾರದ ಹೊಟ್ಟೆ ಇರುವುದೇ ಅಲ್ಲಿ. ಓನರುಗಳು ಇಷ್ಟೊಂದು ಕೇಳುವುದೇಕೆ? ಹಳೆಯ ಕಾಲದ ಭಯ ಒಂದಿದೆ: 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಇದ್ದಾಗ ಒಮ್ಮೆ ಒಳಗೆ ಬಂದವರನ್ನು ಬಿಡಿಸುವುದು ವರ್ಷಗಟ್ಟಲೆಯ ಕೋರ್ಟು ಕೆಲಸವಾಗಿತ್ತು. ಕಾನೂನು ಬದಲಾಯಿತು, ಭಯ ಹೋಗಲಿಲ್ಲ. ಆದರೆ ಈಗಿನ ನಿಜವಾದ ಕಾರಣ ಬೇರೆ. ನೀವು ಕೊಡುವ 2,40,000 ಬ್ಯಾಂಕಿನಲ್ಲಿ ಭದ್ರವಾಗಿ ಕೂರುವುದಿಲ್ಲ. ಅದರಲ್ಲಿ ಹಿಂದಿನ ಬಾಡಿಗೆದಾರರ ಅಡ್ವಾನ್ಸ್ ತೀರುತ್ತದೆ, ಇಲ್ಲವೇ ಮೇಲಿನ ಮಹಡಿಗೆ ಮೌಲ್ಡ್ ಬೀಳುತ್ತದೆ, ಇಲ್ಲವೇ ಮನೆಸಾಲದ ಕಂತು ಹೋಗುತ್ತದೆ. ಅದು ಬಡ್ಡಿಯಿಲ್ಲದ ಕೈಸಾಲ. ನಿಮ್ಮ ಊರಿನಲ್ಲಿ ಗುರುತು ಪರಿಚಯ ಇಲ್ಲದವರಿಗೆ ಎರಡೂಕಾಲು ಲಕ್ಷದ ಮೇಲೆ ಕೈಸಾಲ ಕೊಡುವಾಗ ಏನೇನು ವಿಚಾರಿಸುತ್ತೀರೋ, ಇಲ್ಲೂ ಅದನ್ನೇ ವಿಚಾರಿಸಿ.

ಬಿಡುವ ಹೊತ್ತಿಗೆ ‘ಹೊಸಬರು ಬರಲಿ, ಅವರ ಅಡ್ವಾನ್ಸ್ ಬಂದ ಕೂಡಲೇ ಕೊಡ್ತೀನಿ’ ಅನ್ನುವ ಮಾತು ಬರುವುದೂ ಈ ಕಾರಣಕ್ಕೇ. ಎಲ್ಲ ಓನರೂ ಕೆಟ್ಟವರಲ್ಲ, ಎಷ್ಟೋ ಸಲ ಕೈಯಲ್ಲಿ ದುಡ್ಡೇ ಇರುವುದಿಲ್ಲ.

ನೀವು ಕಳಿಸಿದ ಕರಡನ್ನು ಹಿಗ್ಗಿಸಿ ಓದಿದೆ. ಆರನೇ ಕಲಮು: ‘ಬಾಕಿ ಮೊತ್ತವನ್ನು ಮನೆ ಖಾಲಿ ಮಾಡಿದ ನಂತರ ಹಿಂದಿರುಗಿಸಲಾಗುವುದು.’ ಆ ‘ನಂತರ’ ಎಂಬ ಪದಕ್ಕೆ ಕೊನೆ ಇಲ್ಲ ನೋಡಿ. ಮರುದಿನವೂ ನಂತರವೇ, ಮುಂದಿನ ದೀಪಾವಳಿಯೂ ನಂತರವೇ. ಅದನ್ನು ಹೊಡೆದು ಹೀಗೆ ಬರೆಸಿ: ‘ಬೀಗದಕೈ ಒಪ್ಪಿಸುವ ದಿನವೇ, ಬಾಕಿ ಇರುವ ಕರೆಂಟು ಮತ್ತು ನೀರಿನ ಬಿಲ್ ಮಾತ್ರ ಮುರಿದುಕೊಂಡು, ಉಳಿದ ಮೊತ್ತವನ್ನು ಬ್ಯಾಂಕ್ ಖಾತೆಗೆ ಹಿಂದಿರುಗಿಸತಕ್ಕದ್ದು.’ ಓನರ್ ಇದಕ್ಕೆ ಒಪ್ಪದಿದ್ದರೆ ಕೊನೆಯ ಎರಡು ಮೂರು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲೇ ವಜಾ ಮಾಡಿಕೊಳ್ಳಲು ಲಿಖಿತ ಒಪ್ಪಿಗೆ ಕೇಳಿ. ಒಪ್ಪಿಗೆ ಇಲ್ಲದೆ ನೀವಾಗಿಯೇ ಬಾಡಿಗೆ ನಿಲ್ಲಿಸಿದರೆ ಮಾತ್ರ ಕರಾರು ಮುರಿದವರು ನೀವಾಗುತ್ತೀರಿ, ಜೋಕೆ.

ಏಳನೇ ಕಲಮು ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಕಡಿತ. 24,000! ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಪ್ರಕಾರ ಬಾಡಿಗೆದಾರ ಮನೆಯನ್ನು ತೆಗೆದುಕೊಂಡ ಸ್ಥಿತಿಯಲ್ಲೇ ಒಪ್ಪಿಸಬೇಕು, ಆದರೆ ದಿನಬಳಕೆಯ ಸಹಜ ಸವೆತ ಲೆಕ್ಕಕ್ಕಿಲ್ಲ. ಹನ್ನೊಂದು ತಿಂಗಳಲ್ಲಿ ಗೋಡೆ ಸ್ವಲ್ಪ ಮಾಸುವುದು ಸಹಜ ಸವೆತವೇ. ಹಾಗಂತ ಕಡಿತಕ್ಕೆ ಒಪ್ಪಿ ಸಹಿ ಹಾಕಿದ ಮೇಲೆ ಈ ಸೆಕ್ಷನ್ ಹೇಳಿಕೊಂಡು ಗೆಲ್ಲುವುದು ಸುಲಭವಲ್ಲ. ಸಹಿಗೆ ಮೊದಲು ಚೌಕಾಸಿ ಮಾಡಿ: ಎರಡು ವರ್ಷದೊಳಗೆ ಬಿಟ್ಟರೆ ನಿಗದಿತ ಇಷ್ಟು ಸಾವಿರ, ಅದಕ್ಕಿಂತ ಹೆಚ್ಚಿಲ್ಲ. ಅಂಗಡಿಯವರಿಗೆ ಚೌಕಾಸಿ ನಾನು ಹೇಳಿಕೊಡಬೇಕೆ?

ನಾನೂ ಕಾನೂನು ಓದುವಾಗ ಹನುಮಂತನಗರದಲ್ಲಿ ಗೆಳತಿಯ ಜೊತೆ ಒಂದು ಔಟ್‌ಹೌಸಿನಲ್ಲಿದ್ದೆ. ಅಡ್ವಾನ್ಸ್ 8,000 ಕೊಟ್ಟಿದ್ದೆವು, ಕೈಗೆ ಬಂದದ್ದು 5,500. ‘ಗೋಡೆಗೆ ಮೊಳೆ ಹೊಡೆದು ಹಾಳು ಮಾಡಿದೀರಿ’ ಅಂದರು ಮನೆಯೊಡತಿ. ಆ ಮೊಳೆ ನಾವು ಬರುವ ಮೊದಲೇ ಇತ್ತು. ಅದಕ್ಕೆ ಅವರದೇ ಹಳೇ ಕ್ಯಾಲೆಂಡರ್ ನೇತಾಡುತ್ತಿತ್ತು, ನಾವು ತೆಗೆದು ಒಳಗಿಟ್ಟಿದ್ದೆವು. ಹೇಳಿದರೆ ನಂಬುವವರು ಯಾರು? ಈಗಿನ ಮಕ್ಕಳ ಕೈಯಲ್ಲಿ ಫೋನ್ ಇದೆ. ಸಾಮಾನು ಇಳಿಸುವ ಮೊದಲು ಖಾಲಿ ಮನೆಯ ವಿಡಿಯೊ ಮಾಡಿ, ಪ್ರತಿ ಗೋಡೆ, ಪ್ರತಿ ನಲ್ಲಿ, ಕಿಟಕಿಯ ಗಾಜು, ಕರೆಂಟ್ ಮೀಟರಿನ ಅಂಕಿ. ಅದನ್ನು ಅವತ್ತೇ ಓನರಿಗೆ ವಾಟ್ಸಾಪ್ ಮಾಡಿಬಿಡಿ. ಕಳಿಸಿದ ತಾರೀಕು ತಾನಾಗಿ ದಾಖಲಾಗುತ್ತದೆ.

ಇಡೀ ಕರಡಿನಲ್ಲಿ ನನಗೆ ತುಂಬ ಇರಿಸುಮುರಿಸಾದದ್ದು ಮೊದಲ ಸಾಲೇ. ಬಾಡಿಗೆದಾರರು ಅಂತ ಇರುವುದು ನಿಮ್ಮ ಮಗಳೊಬ್ಬಳ ಹೆಸರು. ಅವಳಿಗಿನ್ನೂ 18 ತುಂಬಿಲ್ಲ. ಅಪ್ರಾಪ್ತರು ಮಾಡಿದ ಕರಾರು ಕಾನೂನಿನ ಕಣ್ಣಲ್ಲಿ ಕರಾರೇ ಅಲ್ಲ. ನಾಳೆ ಅಡ್ವಾನ್ಸ್ ವಾಪಸ್ ಕೇಳುವಾಗ ಅದೇ ನಿಮಗೆ ತೊಡಕಾಗುತ್ತದೆ. ಇನ್ನು ಎರಡು ತಿಂಗಳಿಗೆ 18 ತುಂಬುತ್ತದಲ್ಲ ಅನ್ನಬೇಡಿ. ಸಹಿ ಹಾಕಿದ ದಿನ ವಯಸ್ಸೆಷ್ಟು ಅನ್ನುವುದಷ್ಟೇ ಲೆಕ್ಕ. ಮನೆ ಹಿಡಿಯುವುದೇ ಆದರೆ ನಾಲ್ಕೂ ಮನೆಯ ತಂದೆ ಅಥವಾ ತಾಯಿ ಸಹಿ ಹಾಕಲಿ. ಯಾರು ಎಷ್ಟು ಅಡ್ವಾನ್ಸ್ ಕೊಟ್ಟರು, ತಲಾ 60,000, ಅನ್ನುವುದು ಕರಾರಿನಲ್ಲೇ ಬರಲಿ. ಪ್ರತಿಯೊಬ್ಬರೂ ತಮ್ಮ ತಮ್ಮ ಖಾತೆಯಿಂದಲೇ ಓನರ್ ಖಾತೆಗೆ ಹಾಕಲಿ. ಹೆಸರಿದ್ದವಳೊಬ್ಬಳೇ ಆದರೆ ಏನಾಗುತ್ತದೆ ಗೊತ್ತೇ? ಮೂರನೇ ತಿಂಗಳಿಗೆ ಒಬ್ಬಳಿಗೆ ಬೇರೆ ಕಾಲೇಜು ಸಿಗುತ್ತದೆ, ಅವಳ 60,000 ನಿಮ್ಮ ಮಗಳನ್ನು ಕೇಳುತ್ತಾರೆ. ಇನ್ನೊಬ್ಬಳು ಬಾಡಿಗೆ ತಡಮಾಡುತ್ತಾಳೆ, ಓನರ್ ಫೋನ್ ಮಾಡುವುದು ನಿಮಗೆ. ವಾಟ್ಸಾಪಿನಲ್ಲಿ ಹದಿನೈದು ದಿನದ ಸ್ನೇಹ ಇಷ್ಟು ಭಾರ ಹೊರುವುದಿಲ್ಲ. ಹುಡುಗಿಯರು ಕೆಟ್ಟವರು ಅಂತಲ್ಲ. ಯಾರು ಪಾತ್ರೆ ತೊಳೆಯುತ್ತಾರೆ ಅನ್ನುವುದೇ ಅವರಿಗಿನ್ನೂ ಗೊತ್ತಿಲ್ಲ.

ಖರ್ಚಿನ ಲೆಕ್ಕವನ್ನೂ ನೋಡಿ. ಮನೆಯಲ್ಲಿ ತಲಾ ಬಾಡಿಗೆ 6,000 ಅಂದಾಗ ಪಿಜಿಗಿಂತ ಅಗ್ಗ ಅನಿಸುತ್ತದೆ. ಅದಕ್ಕೆ ರೇಷನ್, ಸಿಲಿಂಡರ್, ಇಂಟರ್ನೆಟ್, ನೀರು, ಮನೆಕೆಲಸದವರ ಸಂಬಳ ಸೇರಿಸಿ. ಮಂಚ, ಗ್ಯಾಸ್ ಒಲೆ, ಬಕೆಟ್ಟು ಬೇರೆ. 60,000 ಸುಮ್ಮನೆ ಕೂತಿರುತ್ತದೆ. ಒಟ್ಟಿನಲ್ಲಿ ಮೊದಲ ವರ್ಷ ಎರಡೂ ಹತ್ತಿರಹತ್ತಿರವೇ. ಒಂದು ಸಮಾಧಾನವೆಂದರೆ ಬಾಡಿಗೆ ಮನೆಯವರಿಗೂ ಗೃಹಜ್ಯೋತಿ ಇದೆ, ಮೀಟರಿನ ಆರ್‌ಆರ್ ಸಂಖ್ಯೆಗೆ ಬಾಡಿಗೆದಾರರ ಆಧಾರ್ ಜೋಡಿಸಿದರೆ ಸಾಕು. ಬಿಡುವಾಗ ಜೋಡಣೆ ತೆಗೆಸಲು ಮರೆಯಬಾರದು. ಬೇಸಿಗೆಯ ಟ್ಯಾಂಕರ್ ದುಡ್ಡು ಯಾರದು ಅನ್ನುವುದನ್ನು ಈಗಲೇ ಕೇಳಿ. 2024ರ ಬೇಸಿಗೆಯಲ್ಲಿ ಕಾವೇರಿ ನೀರಿಲ್ಲದ, ಬೋರ್ ಬತ್ತಿದ ಬೀದಿಗಳಲ್ಲಿ ಬಾಡಿಗೆದಾರರು ಈ ಪ್ರಶ್ನೆ ಕೇಳದೆ ಸಹಿ ಹಾಕಿದ್ದಕ್ಕೆ ಪರದಾಡಿದ್ದನ್ನು ನೋಡಿದ್ದೇನೆ. ‘ನೀವು ಯಾವ ಜನ?’ ಅಂತ ಓನರ್ ಕೇಳುತ್ತಾರೆ, ಅದಕ್ಕೂ ಸಿದ್ಧರಾಗಿರಿ. ನನಗೆ ಮೂವತ್ತು ವರ್ಷದಿಂದ ಸಿಟ್ಟು ಬರುತ್ತಲೇ ಇದೆ, ಅವರು ಕೇಳುತ್ತಲೇ ಇದ್ದಾರೆ.

ಮನೆಯವರ ಆತಂಕಕ್ಕೆ ಬರೋಣ. 2024ರ ಜುಲೈನಲ್ಲಿ ಕೋರಮಂಗಲದ ಪಿಜಿಯಲ್ಲಿ ಯುವತಿಯೊಬ್ಬಳ ಕೊಲೆಯಾದ ಮೇಲೆ ಎಲ್ಲ ತಾಯಂದಿರಿಗೂ ಈ ಭಯ ಇದೆ. ಅದರ ಬೆನ್ನಿಗೇ ಆಗಿನ ಬಿಬಿಎಂಪಿ ಪಿಜಿಗಳಿಗೆ ನಿಯಮ ಹೊರಡಿಸಿತು: ಸಿಸಿಟಿವಿ ಇರಬೇಕು, ಅದರ ದೃಶ್ಯ 90 ದಿನ ಉಳಿಯಬೇಕು, ತಲಾ ಕನಿಷ್ಠ 70 ಚದರಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಅಡುಗೆಗೆ ಆಹಾರ ಸುರಕ್ಷತೆಯ (ಎಫ್‌ಎಸ್‌ಎಸ್‌ಎಐ) ಪರವಾನಗಿ. ಪಾಲಿಸುವವರೂ ಇದ್ದಾರೆ, ಬಾಗಿಲಿಗೊಂದು ಕ್ಯಾಮೆರಾ ನೇತುಹಾಕಿ ಕೈತೊಳೆದುಕೊಂಡವರೂ ಇದ್ದಾರೆ. ಮೂವರ ರೂಮು ಅಂದರೆ 210 ಚದರಡಿ. ನಿಮ್ಮ ಹತ್ತಿರ ಟೇಪ್ ಇದ್ದರೆ ತನ್ನಿ, ಅಳೆದು ನೋಡಿ. ನಗಬೇಡಿ, ಅಳೆಯುವ ಅಪ್ಪಂದಿರನ್ನು ಕಂಡರೆ ಪಿಜಿಯವರು ಆಮೇಲೂ ಸ್ವಲ್ಪ ಎಚ್ಚರವಾಗಿರುತ್ತಾರೆ.

ಆದರೆ ಪಿಜಿಯೇ ಅಪಾಯ, ಮನೆಯೇ ಸುರಕ್ಷಿತ ಅನ್ನುವ ಹಾಗಿಲ್ಲ. ಯಾರೂ ನೋಡದ ಒಂದು ಅಪಾಯ ಬಚ್ಚಲುಮನೆಯಲ್ಲಿದೆ. ಹಳೆಯ ಬಾಡಿಗೆ ಮನೆಗಳಲ್ಲಿ ಗ್ಯಾಸ್ ಗೀಸರನ್ನು ಬಚ್ಚಲ ಒಳಗೇ ಕೂರಿಸಿರುತ್ತಾರೆ. ಚಿಕ್ಕ ಕಿಟಕಿ, ಅದನ್ನೂ ಚಳಿಗೆ ಮುಚ್ಚಿರುತ್ತಾರೆ. ಗಾಳಿ ಸಾಲದೆ ಗ್ಯಾಸ್ ಉರಿದಾಗ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಸ್ನಾನಕ್ಕೆ ಹೋದವರು ತಲೆಸುತ್ತಿ ಬಿದ್ದರೆ ಬಾಗಿಲು ಒಡೆದು ತೆಗೆಯಬೇಕು. ನಮ್ಮ ರಾಜ್ಯದಲ್ಲಿ ಹೀಗೆ ಜೀವ ಹೋದ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಗೀಸರ್ ಕರೆಂಟಿನದೂ ಅಲ್ಲ, ಹೊರಗಿನ ಯುಟಿಲಿಟಿಯಲ್ಲೂ ಇಲ್ಲ ಅಂದರೆ ಆ ಮನೆ ಬೇಡ. ಪಿಜಿಯಲ್ಲಾದರೆ ಮೆಟ್ಟಿಲು ಒಂದೇ ಇದೆಯೇ, ಅದರ ಬುಡದಲ್ಲೇ ಸಿಲಿಂಡರ್ ಜೋಡಿಸಿದ್ದಾರೆಯೇ, ರಾತ್ರಿ ಗೇಟಿಗೆ ಹಾಕುವ ಬೀಗದ ಕೈ ಯಾರ ಹತ್ತಿರ ಇರುತ್ತದೆ ಅನ್ನುವುದನ್ನು ನೋಡಿ. ಬೆಳಿಗ್ಗೆ ಹೋಗಿ ನೋಡಬೇಡಿ. ರಾತ್ರಿ ಎಂಟಕ್ಕೆ ಹೋಗಿ, ಊಟದ ಹೊತ್ತಿಗೆ. ನೀವು ಓನರ್ ಜೊತೆ ಮಾತಾಡುತ್ತಿರುವಾಗ ತಾಯಿ ಮಗಳು ಮೇಲೆ ಹೋಗಿ ಅಲ್ಲಿರುವ ಹುಡುಗಿಯರ ಹತ್ತಿರ ಎರಡೇ ಪ್ರಶ್ನೆ ಕೇಳಲಿ: ಹಿಂದೆ ಬಿಟ್ಟುಹೋದವರಿಗೆ ಅಡ್ವಾನ್ಸ್ ವಾಪಸ್ ಬಂತಾ? ರಾತ್ರಿ ಜ್ವರ ಬಂದರೆ ಆಸ್ಪತ್ರೆಗೆ ಯಾರು ಕರೆದುಕೊಂಡು ಹೋಗುತ್ತಾರೆ?

ಪಿಜಿಯ ದುಡ್ಡಿನ ಬಲೆ ಬೇರೆ ಥರದ್ದು. ಬಿಡುವುದಾದರೆ ಒಂದು ತಿಂಗಳು ಮೊದಲು, ಅದೂ ತಿಂಗಳ 1ನೇ ತಾರೀಕಿನೊಳಗೆ ಹೇಳಬೇಕು ಅನ್ನುತ್ತಾರೆ. ಪರೀಕ್ಷೆ ತಾರೀಕು ಹಿಂದೆ ಮುಂದೆ ಆಗುವ ಮಕ್ಕಳಿಗೆ ಇದು ಆಗುವ ಹೋಗುವ ಮಾತಲ್ಲ, 4ನೇ ತಾರೀಕು ಹೇಳಿದ್ದಕ್ಕೆ ಇಡೀ ಅಡ್ವಾನ್ಸ್ ನುಂಗಿದ್ದುಂಟು. ‘30 ದಿನ ಮೊದಲು, ಯಾವ ದಿನವಾದರೂ’ ಅಂತ ಬರೆಸಿ. ಸೆಮಿಸ್ಟರ್ ರಜೆಯಲ್ಲಿ ಊರಿಗೆ ಬಂದಾಗ ಪೂರ್ತಿ ಬಾಡಿಗೆಯೋ, ಅರ್ಧವೋ ಕೇಳಿ. ಬಿಲ್ಲಿಗೆ ಜಿಎಸ್‌ಟಿ ಸೇರಿಸಿದರೆ ಒಪ್ಪಬೇಡಿ: ತಲಾ ತಿಂಗಳಿಗೆ 20,000 ಮೀರದ, ಸತತ 90 ದಿನಕ್ಕೆ ಕಡಿಮೆಯಿಲ್ಲದ ವಾಸಕ್ಕೆ 2024ರ ಜುಲೈನಿಂದ ಜಿಎಸ್‌ಟಿ ವಿನಾಯಿತಿ ಇದೆ.

ನನ್ನ ಮಗಳಾಗಿದ್ದರೆ ಏನು ಮಾಡುತ್ತಿದ್ದೆ ಅಂದರೆ, ಮೊದಲ ಸೆಮಿಸ್ಟರ್ ಪಿಜಿ. ಕಳೆದರೂ 15,000, ನಿಮ್ಮ ಪಾಲಿನ 60,000 ಅಲ್ಲ. ಆ ಆರು ತಿಂಗಳಲ್ಲಿ ಅವಳಿಗೆ ಊರು ಗೊತ್ತಾಗುತ್ತದೆ, ಯಾರ ಜೊತೆ ಬಾಳಬಹುದು ಅನ್ನುವುದು ಗೊತ್ತಾಗುತ್ತದೆ. ಮನೆ ಬೇಕೆನಿಸಿದರೆ ಜನವರಿ, ಫೆಬ್ರುವರಿಯಲ್ಲಿ ಹುಡುಕಲಿ. ಆಗ ಟು-ಲೆಟ್ ಬೋರ್ಡುಗಳು ವಾರಗಟ್ಟಲೆ ನೇತಾಡುತ್ತಿರುತ್ತವೆ, ಹತ್ತು ತಿಂಗಳು ಕೇಳುವವರು ಐದಾರಕ್ಕೆ ಇಳಿಯುತ್ತಾರೆ. ಕಾಲೇಜಿನ ಗೇಟಿಗೆ ಅಂಟಿಕೊಂಡೇ ಇರಬೇಕೆಂಬ ಹಟ ಬೇಡ. ಹಸಿರು ಮೆಟ್ರೊ ಕನಕಪುರ ರಸ್ತೆಯ ಸಿಲ್ಕ್ ಇನ್‌ಸ್ಟಿಟ್ಯೂಟ್‌ವರೆಗೆ ಹೋಗುತ್ತದೆ, ಬಿಎಂಟಿಸಿ ಸಾಮಾನ್ಯ ಬಸ್ಸಿನಲ್ಲಿ ಶಕ್ತಿ ಯೋಜನೆಯಿಂದ ಅವಳಿಗೆ ಟಿಕೆಟ್ಟೇ ಇಲ್ಲ. ಜೊತೆಗೆ, ನಿಮ್ಮ ಜಾತಿ ಮತ್ತು ಆದಾಯದ ಮಿತಿ ಹೊಂದಿದರೆ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಹಾಸ್ಟೆಲಿಗೆ ಅರ್ಜಿ ಹಾಕಿಡಿ. ಅಲ್ಲಿ ಸಿಗದಿದ್ದವರಿಗೆ ವಿದ್ಯಾಸಿರಿಯಲ್ಲಿ ತಿಂಗಳಿಗೆ 1,500ರಂತೆ 10 ತಿಂಗಳು ಕೊಡುವ ವ್ಯವಸ್ಥೆ ಇದೆ. ಪಿಜಿಯ ಒಂದೂವರೆ ತಿಂಗಳು ಕಳೆಯಿತಲ್ಲ.

ಇಷ್ಟೆಲ್ಲ ಆದ ಮೇಲೂ ದುಡ್ಡು ವಾಪಸ್ ಬರದಿದ್ದರೆ? ಪೊಲೀಸ್ ಸ್ಟೇಷನ್ನಿಗೆ ಹೋದರೆ ‘ಇದು ಸಿವಿಲ್ ಮ್ಯಾಟರ್’ ಅಂತ ಕಳಿಸುತ್ತಾರೆ. ಓನರೇ ಅಲ್ಲದವನು ಓನರ್ ಅಂತ ನಂಬಿಸಿ ದುಡ್ಡು ತೆಗೆದುಕೊಂಡಿದ್ದರೆ ಮಾತ್ರ ಅದು ವಂಚನೆಯ ಕೇಸು. ಪಿಜಿಯವರ ವಿರುದ್ಧ ದಾರಿ ಸುಲಭ, ಏಕೆಂದರೆ ಊಟ ವಸತಿ ಗ್ರಾಹಕ ಕಾಯ್ದೆಯಲ್ಲಿ ‘ಸೇವೆ’ಯೇ. ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು, ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕ ಇಲ್ಲ, ವಕೀಲರೂ ಕಡ್ಡಾಯವಲ್ಲ. ಬರೀ ಬಾಡಿಗೆ ಮನೆಯಾದರೆ ಆ ಬಾಗಿಲು ಸಾಮಾನ್ಯವಾಗಿ ತೆರೆಯುವುದಿಲ್ಲ. ವಕೀಲರ ನೋಟಿಸ್, ಆಮೇಲೆ ಸಿವಿಲ್ ಕೋರ್ಟು. ಅದಕ್ಕೂ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಒಂದು ಅರ್ಜಿ ಕೊಡಿ. ಅವರು ಇಬ್ಬರನ್ನೂ ಕರೆಸಿ ಕೂರಿಸಿ ಮಾತಾಡಿಸುತ್ತಾರೆ, ಪ್ರಾಧಿಕಾರದ ಮೊಹರಿನ ಕಾಗದ ಕೈ ಸೇರಿದ ಮೇಲೆ ಅರ್ಧಕ್ಕರ್ಧ ಓನರುಗಳು ದುಡ್ಡು ಹೊಂದಿಸಿದ್ದನ್ನು ನಾನು ಕಂಡಿದ್ದೇನೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ವಕೀಲರ ನೆರವು ಉಚಿತ. ಹಾಗಾಗಿ ಮನೆಯ ಕರಾರಿಗೆ ತಾಯಿ ಸಹಿ ಹಾಕಿದ್ದರೆ ಅರ್ಜಿಯನ್ನು ಅವರ ಹೆಸರಿನಲ್ಲೇ ಕೊಡಿಸಿ, ಪಿಜಿಯದ್ದಾದರೆ ಮಗಳ ಹೆಸರಿನಲ್ಲಿ. ಅಷ್ಟು ಹೊತ್ತಿಗೆ ಅವಳಿಗೆ 18 ತುಂಬಿರುತ್ತದೆ.